ಮೊದಲ 600 ರೂಪಾಯಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ಆನ್‌ಲೈನ್‌ನಲ್ಲಿ ಮೊದಲ ಸಂಪಾದನೆ ಹೇಗೆ? ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ತುಮಕೂರಿನ ಪತ್ರ ಕೈಗೆ ಬಂದ ದಿನವೇ ಅವರಿಗೆ ಫೋನ್ ಮಾಡಿ ಹೇಳಿದ್ದಾಯಿತು. ಬೇರೆಯವರಿಗೂ ಬೇಕಾಗಬಹುದು ಎಂದು ಅದನ್ನೇ ಮೊದಲು ಹಾಕಿದ್ದೇನೆ.

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಾನೆ. ಟೆಲಿಗ್ರಾಂನಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಡುವ ಕೆಲಸ ಸಿಕ್ಕಿತು ಎಂದ. ಮೊದಲ ದಿನ 150, ಮರುದಿನ 500 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು. ಆಮೇಲೆ 3,000 ಕಟ್ಟಿಸಿಕೊಂಡು 3,900 ವಾಪಸ್ ಕೊಟ್ಟರು. ಈಗ 14,000 ಕಟ್ಟಿದ್ದಾನೆ. ಅದನ್ನು ಬಿಡಿಸಿಕೊಳ್ಳಲು ಇನ್ನೂ 8,000 ‘ಟ್ಯಾಕ್ಸ್’ ಕಟ್ಟಬೇಕಂತೆ. ಕಟ್ಟಲೇ ಮೇಡಂ?
— ಒಬ್ಬ ತಂದೆ, ತುಮಕೂರು

ಉತ್ತರ: ಕಟ್ಟಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೊದಲು ಬಂದ 150, 500, 3,900 ಎಲ್ಲವೂ ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಈ 8,000 ಕಟ್ಟಿದರೆ ನಾಳೆ ಬೇರೆ ಹೆಸರಿನಲ್ಲಿ 20,000 ಕೇಳುತ್ತಾರೆ.

ಈಗಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿಯೂ ದೂರು ಹಾಕಬಹುದು. ದುಡ್ಡು ಅವರ ಖಾತೆಯಿಂದ ಇನ್ನೊಂದು ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಾ ಇರುತ್ತದೆ. ನೀವು ಎಷ್ಟು ಬೇಗ ಹೇಳಿದರೆ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಯುಪಿಐನಲ್ಲಿ ಕಳಿಸಿದ್ದರೆ ಪ್ರತಿ ಪಾವತಿಗೂ 12 ಅಂಕಿಯ ನಂಬರ್ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮಗ ಸಿಟ್ಟಿನಲ್ಲಿ ಟೆಲಿಗ್ರಾಂ ಮಾತುಕತೆ ಅಳಿಸಿಬಿಡದ ಹಾಗೆ ನೋಡಿಕೊಳ್ಳಿ. ಎಲ್ಲದರ ಸ್ಕ್ರೀನ್‌ಶಾಟ್ ಬೇಕು.

ಇನ್ನೊಂದು ಮಾತು. ‘ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಹಾಕುತ್ತೇವೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ’ ಎಂದು ಅವರು ಕೇಳಿದ್ದಾರೆಯೇ, ಮಗನನ್ನು ವಿಚಾರಿಸಿ. ಅದು ಬೇರೆ ಯಾರದೋ ಮನೆಯಿಂದ ಕದ್ದ ದುಡ್ಡಾಗಿರುತ್ತದೆ. ಖಾತೆ ಯಾರ ಹೆಸರಲ್ಲಿದೆಯೋ ಪೊಲೀಸರು ಮೊದಲು ಅವರ ಮನೆಗೇ ಬರುತ್ತಾರೆ.

ಮಗನನ್ನು ಬೈಯಬೇಡಿ. ಅವನು ಕೆಲಸ ಹುಡುಕುತ್ತಿದ್ದ, ತಪ್ಪು ದಾರಿ ಹುಡುಕುತ್ತಿರಲಿಲ್ಲ. ನಾನೂ ಹೀಗೆ ದುಡ್ಡು ಕಳೆದುಕೊಂಡವಳು. ಅದನ್ನು ಮುಂದಿನ ಪತ್ರದಲ್ಲಿ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಬಿ.ಕಾಂ. ಮಾಡಿದ್ದೇನೆ. ಮದುವೆಯಾಗಿ ಮೂರು ವರ್ಷ, ಒಂದೂವರೆ ವರ್ಷದ ಮಗ ಇದ್ದಾನೆ. ಹೊರಗೆ ಕೆಲಸಕ್ಕೆ ಹೋಗುವಂತಿಲ್ಲ. ನನ್ನ ಹತ್ತಿರ ಇರುವುದು ಒಂದು ಮೊಬೈಲ್ ಮಾತ್ರ. ಮನೆಯಲ್ಲೇ ಕೂತು ದಿನಕ್ಕೆ 2,000 ಗಳಿಸಿ ಅಂತ ದಿನಾ ಜಾಹೀರಾತು ನೋಡುತ್ತೇನೆ. ಯಾವುದು ನಿಜ, ಯಾವುದು ಸುಳ್ಳು ತಿಳಿಯುತ್ತಿಲ್ಲ. ನನಗೆ ಏನೂ ಬರುವುದಿಲ್ಲ, ಕನ್ನಡ ಬಿಟ್ಟರೆ. ನಮ್ಮ ಅತ್ತೆಗೆ ನಾನು ಮೊಬೈಲ್ ಹಿಡಿದರೇ ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಹಿರೇಕೆರೂರು

ಉತ್ತರ: ತಂಗಿ, ‘ಏನೂ ಬರುವುದಿಲ್ಲ, ಕನ್ನಡ ಬಿಟ್ಟರೆ’ ಎಂದು ಬರೆದಿದ್ದೀರಿ ಅಲ್ವಾ, ಆ ಸಾಲನ್ನು ನಾನು ಎರಡು ಸಲ ಓದಿದೆ. ನನ್ನ ಮೊದಲ ಸಂಪಾದನೆ ಬಂದದ್ದು ಆ ಕನ್ನಡದಿಂದಲೇ.

ಮದುವೆಗೆ ಮುಂಚೆ ನಾನು ಸಾಗರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಶ್ರದ್ಧಾಂಜಲಿ ಕಾರ್ಡು, ಎಲ್ಲ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. 2016ರಲ್ಲಿ ನಿಮ್ಮ ಹಾಗೇ ಜಾಹೀರಾತು ನೋಡಿ, ಫಾರ್ಮ್ ತುಂಬುವ ಕೆಲಸಕ್ಕೆಂದು 1,800 ರೂಪಾಯಿ ‘ನೋಂದಣಿ ಶುಲ್ಕ’ ಕಟ್ಟಿದೆ. ವಾರದಲ್ಲಿ 1,000 ಫಾರ್ಮ್ ತುಂಬಬೇಕಿತ್ತು. ರಾತ್ರಿಯೆಲ್ಲ ಕೂತು ತುಂಬಿದೆ. ತಪ್ಪು ಜಾಸ್ತಿ ಇದೆ ಎಂದು ಒಂದು ಪೈಸೆಯನ್ನೂ ಕೊಡಲಿಲ್ಲ. ಅದು ಸಾಲದು ಎಂದು, ಒಪ್ಪಂದ ಮುರಿದಿದ್ದೀರಿ, 5,000 ದಂಡ ಕಟ್ಟಿ, ಇಲ್ಲವಾದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ವಾಟ್ಸಾಪ್‌ನಲ್ಲಿ ನೋಟಿಸ್ ಕಳಿಸಿದರು. ಮೂರು ವಾರ ನಾನು ಅದನ್ನು ಗಂಡನಿಗೂ ಹೇಳದೆ ಒಬ್ಬಳೇ ಹೆದರಿಕೊಂಡಿದ್ದೆ. ಕೊನೆಗೆ ನಮ್ಮ ಬೀದಿಯ ವಕೀಲರಿಗೆ ತೋರಿಸಿದೆ. ಅವರು ಓದಿ, ‘ಇದರಲ್ಲಿ ಕೋರ್ಟಿನ ಹೆಸರಿಲ್ಲ, ಕೇಸ್ ನಂಬರಿಲ್ಲ. ಸುಮ್ನೆ ಇರಮ್ಮ’ ಎಂದರು. ಸುಮ್ಮನಿದ್ದೆ. ಏನೂ ಆಗಲಿಲ್ಲ.

ಆವತ್ತಿನಿಂದ ನನಗೆ ಒಂದೇ ಅಳತೆಗೋಲು. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು. ನೋಂದಣಿ, ಟ್ರೇನಿಂಗ್ ಕಿಟ್, ಐಡಿ ಕಾರ್ಡ್, ಡಿಪಾಸಿಟ್, ಹೆಸರು ಏನೇ ಇರಲಿ, ಅವರೇ ನಮ್ಮಿಂದ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ. ಹಾಗೇ, ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಎಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ.

ಮುಂದಿನ ವರ್ಷ ನಿಜವಾದ ಕೆಲಸ ಬಂತು, ಅದೂ ಹಳೇ ಅಂಗಡಿಯ ಗುರುತಿನಿಂದ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗರೊಬ್ಬರು ರೈತರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿ ಟೈಪ್ ಮಾಡಿಕೊಡುವವರು ಬೇಕಿತ್ತು. 43 ನಿಮಿಷದ ಆಡಿಯೋ, 600 ರೂಪಾಯಿ. ನನ್ನ ಇಯರ್‌ಫೋನಿನಲ್ಲಿ ಒಂದು ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಆಡಿಯೋದಲ್ಲಿ ಹಿಂದೆ ಕೋಳಿ ಕೂಗು, ಪಂಪ್‌ಸೆಟ್ ಸದ್ದು. ಮಂಡ್ಯ ಕಡೆಯ ಅಜ್ಜ ಒಬ್ಬರು ನಾಲೆ ನೀರಿನ ಬಗ್ಗೆ ಮಾತಾಡುತ್ತಿದ್ದರು. ಮಗಳು ಮಲಗಿದ ಮೇಲೆ ಎರಡು ರಾತ್ರಿ ಕೂತೆ, ಒಟ್ಟು ಒಂಬತ್ತು ಗಂಟೆ ಹಿಡಿಯಿತು.

ಅಜ್ಜ ಒಂದು ಕಡೆ ‘ವಸಿ ನೀರು ಬುಟ್ಟಿದ್ರೆ ಬೆಳೆ ಉಳೀತಿತ್ತು’ ಎಂದಿದ್ದರು. ನಾನು ‘ಬಿಸಿ ನೀರು ಬಿಟ್ಟಿದ್ದರೆ’ ಎಂದು ಟೈಪ್ ಮಾಡಿದ್ದೆ. ಮಲೆನಾಡಿನವಳಾದ ನನಗೆ ‘ವಸಿ’ ಎಂದರೆ ಸ್ವಲ್ಪ ಎಂದು ಆಗ ಗೊತ್ತಿರಲಿಲ್ಲ. ಕೆಲಸ ಕೊಟ್ಟ ಪಿಎಚ್‌ಡಿಯವರು ತಿದ್ದಿ ಹೇಳಿದಾಗ ಒಂದು ವಿಷಯ ಹೊಳೆಯಿತು. ಕನ್ನಡ ಟೈಪಿಂಗ್ ಬರುವವರು ಸಾವಿರಾರು ಜನ ಇದ್ದಾರೆ. ಆದರೆ ಆ ಅಜ್ಜನ ಕನ್ನಡ ಕೇಳಿ ಸರಿಯಾಗಿ ಬರೆಯುವವರು ಮಂಡ್ಯ ಕಡೆಯವರೇ ಆಗಬೇಕು.

ಅದಕ್ಕೇ ನಿಮ್ಮ ಪತ್ರ ನೋಡಿ ನನಗೆ ಖುಷಿಯಾಯಿತು. ಹಾವೇರಿ ಕಡೆಯ ಮಾತು ನಿಮಗೆ ಹುಟ್ಟಿನಿಂದ ಬಂದಿದೆ. ಧಾರವಾಡ, ಹಂಪಿ, ಶಂಕರಘಟ್ಟದ ವಿಶ್ವವಿದ್ಯಾಲಯಗಳಲ್ಲಿ ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗಳಿದ್ದಾರೆ. ಉತ್ತರ ಕರ್ನಾಟಕದ ಮಾತಿಗೆ ಸಬ್‌ಟೈಟಲ್ ಬೇಕಾದ ಯೂಟ್ಯೂಬಿನವರಿದ್ದಾರೆ. ಬೆಂಗಳೂರಿನವರಿಗೆ ಅರ್ಧಂಬರ್ಧ ಕೇಳುವುದು ನಿಮಗೆ ಪೂರ್ತಿ ಕೇಳುತ್ತದೆ. ನೀವು ಮಾರಬೇಕಾದದ್ದು ಅದನ್ನೇ.

ಹೇಗೆ ಶುರು ಮಾಡುವುದು? ನಿಮ್ಮ ಅತ್ತೆಯವರನ್ನೇ ಮಾತಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ಮದುವೆಯಾಗಿ ಆ ಮನೆಗೆ ಬಂದಾಗ ಹೊಲ ಹೇಗಿತ್ತು, ಏನು ಬಿತ್ತುತ್ತಿದ್ದರು, ಖಾರದಪುಡಿ ಹೇಗೆ ಕುಟ್ಟುತ್ತಿದ್ದರು ಎಂದು ಕೇಳಿ, ಐದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಅವರು ಆಡಿದ ಹಾಗೇ ಟೈಪ್ ಮಾಡಿ. ಮೊಬೈಲಿನ ಜಿಬೋರ್ಡ್ ಕೀಬೋರ್ಡು, ಗೂಗಲ್ ಡಾಕ್ಸ್, ಎರಡೂ ಉಚಿತ. ಮಾತನ್ನೇ ಅಕ್ಷರ ಮಾಡುವ ಮೈಕಿನ ಗುರುತು ಒತ್ತಿದರೆ ಅರ್ಧ ಕೆಲಸ ಆಗುತ್ತದೆ, ಆದರೆ ಊರ ಮಾತನ್ನು ಅದು ಕೆಡಿಸುತ್ತದೆ. ಸಾಲು ಸಾಲಾಗಿ ಕೂತು ತಿದ್ದಬೇಕು. ಆ ಎರಡು ಪುಟವೇ ನಿಮ್ಮ ಮಾದರಿ. ಬಯೋಡಾಟಾ ಬದಲು ಅದನ್ನು ಕಳಿಸಿ. ಬರೆದ ಮೇಲೆ ಅತ್ತೆಗೆ ಒಮ್ಮೆ ಓದಿ ಹೇಳಿ, ಕಳಿಸುವ ಮುಂಚೆ ಅವರ ಒಪ್ಪಿಗೆ ಕೇಳಿ. ನೀವು ಮೊಬೈಲಿನಲ್ಲಿ ಏನು ಮಾಡುತ್ತೀರಿ ಎಂದು ಅವರಿಗೂ ತಿಳಿಯಲಿ.

ಟೈಪಿಂಗಿನಲ್ಲಿ ಒಂದು ಎಚ್ಚರ. ನಾನು ಮೊದಲ ಕೆಲಸವನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಅಕ್ಷರದಲ್ಲಿ ಮಾಡಿ ಕಳಿಸಿದ್ದೆ. ಅವರ ಲ್ಯಾಪ್‌ಟಾಪಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣಿಸಿತು. ಅಂಗಡಿಯಲ್ಲಿ ಪ್ರಿಂಟ್ ತೆಗೆದರೆ ಸಾಕಿತ್ತು, ಆನ್‌ಲೈನ್‌ನಲ್ಲಿ ಯೂನಿಕೋಡ್ ಬೇಕು, ಅಂದರೆ ಯಾವ ಕಂಪ್ಯೂಟರು, ಮೊಬೈಲಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ. ಬದಲಾಯಿಸುವ ಸಾಫ್ಟ್‌ವೇರ್‌ಗೆ ಹಾಕಿದೆ, ಕೆಲವು ಅಕ್ಷರಗಳು ಕೆಟ್ಟವು. ‘ಸೂರ್ಯ’ ಎಂಬುದು ‘ಸೂಯ೯’ ಆಗಿತ್ತು. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತಿತ್ತು! 14 ಪುಟ ಮತ್ತೆ ತಿದ್ದಿದೆ. ಇನ್ನೂ ಸೂಕ್ಷ್ಮದ ತಪ್ಪು ಸೊನ್ನೆಯದು. ‘ಬಂತು’ ಮತ್ತು ‘ಬ೦ತು’ ನೋಡಿ, ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿ ಅನುಸ್ವಾರದ ಬದಲು ಸೊನ್ನೆಯ ಅಂಕಿ ಇದೆ. ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಮೊಬೈಲಿನಲ್ಲಿ ಟೈಪ್ ಮಾಡುವ ನಿಮಗೆ ಯೂನಿಕೋಡ್ ತಾನಾಗಿಯೇ ಬರುತ್ತದೆ. ಆದರೆ ಬೇರೆಯವರು ಹಳೇ ಫೈಲ್ ತಿದ್ದಲು ಕೊಟ್ಟಾಗ ಇವನ್ನು ಹಿಡಿದು ತೋರಿಸಿ. ಈ ಎರಡು ತಪ್ಪು ಹಿಡಿಯುತ್ತೇನೆ ಎಂಬ ಒಂದೇ ಕಾರಣಕ್ಕೆ ನನಗೆ ಒಂದು ಪ್ರಕಾಶನದವರು ಮತ್ತೆ ಮತ್ತೆ ಕೆಲಸ ಕೊಟ್ಟರು.

ದರ ಹೇಳುವಾಗ ಆಡಿಯೋದ ನಿಮಿಷಕ್ಕೆ ಇಷ್ಟು ಎಂದು ಹೇಳಿ. ನನ್ನ ಮೊದಲ ಕೆಲಸ ನಿಮಿಷಕ್ಕೆ ಸುಮಾರು 14 ರೂಪಾಯಿ ಬಿತ್ತು. ಒಂಬತ್ತು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 67 ರೂಪಾಯಿ. ಕಡಿಮೆಯೇ. ಎರಡನೇ ಕೆಲಸಕ್ಕೆ ನಿಮಿಷಕ್ಕೆ 20 ಕೇಳಿದೆ, ಕೊಟ್ಟರು. ಅಷ್ಟೊತ್ತಿಗೆ ಕೈ ಪಳಗಿತ್ತು, ಒಂದು ನಿಮಿಷದ ಮಾತಿಗೆ ಆರೇಳು ನಿಮಿಷ ಸಾಕಾಗುತ್ತಿತ್ತು. ಗುರುತಿಲ್ಲದವರಾದರೆ ಅರ್ಧ ದುಡ್ಡು ಮುಂಗಡ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಕಂಪ್ಯೂಟರೇ ಎಲ್ಲ ಅನುವಾದ ಮಾಡುತ್ತದಲ್ಲ, ನಮಗೇನು ಕೆಲಸ ಎಂದು ಕೆಲವರು ಕೇಳುತ್ತಾರೆ. ಕೆಲಸ ಬದಲಾಗಿದೆ, ಅದು ನಿಜ. ಈಗ ನನಗೆ ಬರುವುದರಲ್ಲಿ ಯಂತ್ರ ಮಾಡಿದ್ದನ್ನು ತಿದ್ದುವ ಕೆಲಸವೇ ಜಾಸ್ತಿ. ಒಂದು ಬಸ್ ಟಿಕೆಟ್ ಪುಟದಲ್ಲಿ ‘ಬುಕ್ ನೌ’ ಎಂಬುದು ‘ಈಗ ಪುಸ್ತಕ’ ಆಗಿತ್ತು. ಅದನ್ನು ‘ಈಗಲೇ ಕಾಯ್ದಿರಿಸಿ’ ಮಾಡಬೇಕೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಇದು ಬೇಡ ಎನಿಸಿದರೆ ನಿಮ್ಮೂರಲ್ಲೇ ಇನ್ನೊಂದು ದಾರಿ ಇದೆ. ಹಿರೇಕೆರೂರಿನ ಎಷ್ಟೋ ಅಂಗಡಿಗಳು ಗೂಗಲ್ ಮ್ಯಾಪಿನಲ್ಲಿ ಇರಲಿಕ್ಕಿಲ್ಲ, ಇದ್ದರೂ ಸಮಯ, ಫೋನ್ ನಂಬರ್ ತಪ್ಪಿರಬಹುದು. ಅಂಗಡಿಯವರ ಹೆಸರಿನಲ್ಲಿ ಅದನ್ನು ದಾಖಲಿಸಲು ಗೂಗಲ್ ದುಡ್ಡು ಕೇಳುವುದಿಲ್ಲ. ಫೋಟೋ ತೆಗೆದು, ಕನ್ನಡದಲ್ಲಿ ವಿವರ ಬರೆದು, ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಾಮಾನಿನ ಪಟ್ಟಿ ಮಾಡಿಕೊಟ್ಟರೆ ನಿಮ್ಮ ದುಡಿಮೆಗೆ ಒಂದಿಷ್ಟು ಕೇಳಬಹುದು. ಪರಿಚಯದ ಬಟ್ಟೆ ಅಂಗಡಿಯಿಂದ ಶುರು ಮಾಡಿ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯೂ ಹಾಗೇ ಇದ್ದರು. ಆ 600 ರೂಪಾಯಿಯಲ್ಲಿ ನಾನು ಎರಡೂ ಕಿವಿ ಕೇಳುವ ಇಯರ್‌ಫೋನ್ ತಂದೆ, ಉಳಿದದ್ದರಲ್ಲಿ ಆ ತಿಂಗಳ ಕರೆಂಟ್ ಬಿಲ್ ಕಟ್ಟಿ ರಸೀದಿಯನ್ನು ದೇವರ ಗೂಡಿನ ಪಕ್ಕ ಇಟ್ಟೆ. ಏನೂ ಹೇಳಲಿಲ್ಲ. ಮುಂದಿನ ತಿಂಗಳು ರಾತ್ರಿ ಟೈಪ್ ಮಾಡುತ್ತಾ ಕೂತಿದ್ದಾಗ ಮಗಳು ಎದ್ದು ಅತ್ತಳು. ಅತ್ತೆ ಬಂದು ಎತ್ತಿಕೊಂಡು ಹೋದರು. ನಿಮ್ಮ ಮನೆಯಲ್ಲಿ ಇದು ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಒಂದು ನಿಗದಿ ಹೊತ್ತು ಇಟ್ಟುಕೊಳ್ಳಿ. ಮಗ ಮಲಗಿದ ಒಂದೂವರೆ ಗಂಟೆ, ಅಷ್ಟೇ. ಆ ಹೊತ್ತಿನಲ್ಲಿ ರೀಲ್ಸ್ ನೋಡಬೇಡಿ. ಮನೆಯವರು ಗಮನಿಸುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ, ಪ್ರಾಯ 63. ಒಂದು ವರ್ಷದಿಂದ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. 40 ಪಾಠ ಹಾಕಿದ್ದೇನೆ, 312 ಚಂದಾದಾರರಿದ್ದಾರೆ. ಹಣ ಯಾವಾಗ ಬರುತ್ತದೆ?
— ಅರಸೀಕೆರೆ

ಉತ್ತರ: ಮೇಷ್ಟ್ರೇ, ನಮಸ್ಕಾರ. ಲೆಕ್ಕ ನಿಮಗೆ ನಾನು ಹೇಳುವುದೇ! ಜಾಹೀರಾತಿನ ಪಾಲು ಬರಲು 1,000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ಪಾಠಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಇಲ್ಲವೇ ಚಿಕ್ಕ ಶಾರ್ಟ್ಸ್ ವಿಡಿಯೋಗಳಿಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಬರಬೇಕು. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬರು ಒಂದು ಪಾಠವನ್ನು ನಾಲ್ಕು ನಿಮಿಷ ನೋಡುತ್ತಾರೆ ಎಂದಿಟ್ಟುಕೊಂಡರೂ 60,000 ವೀಕ್ಷಣೆ ಆಯಿತು. ಅದು ದಾಟಿದ ಮೇಲೂ, ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ.

ಚಾನೆಲ್ ನಿಲ್ಲಿಸಬೇಡಿ. ಆದರೆ ಮೊದಲ ಆದಾಯವನ್ನು ಅದರಿಂದ ಕಾಯಬೇಡಿ. ಆ 40 ಪಾಠಗಳು ನಿಮ್ಮ ಪರಿಚಯಪತ್ರ ಆಗಲಿ. ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆ ಗಣಿತವನ್ನು ಕನ್ನಡದಲ್ಲೇ ಹೇಳಿಕೊಡುವ ಆನ್‌ಲೈನ್ ಪಾಠ ಶುರು ಮಾಡಿ. ಪ್ರತಿ ವಿಡಿಯೋದ ಕೆಳಗೆ ಒಂದು ಸಾಲು ಬರೆಯಿರಿ. ಐದೇ ಮಕ್ಕಳಿರಲಿ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಜಾಸ್ತಿ ಜನ ಸೇರಿದರೆ 60 ನಿಮಿಷ ಸಿಗುತ್ತದೆ, ಝೂಮ್‌ನಲ್ಲಿ 40 ನಿಮಿಷ. ಒಂದು ಪೀರಿಯಡ್ಡಿಗೆ ಸಾಕಲ್ಲವೇ?

ನಿಮ್ಮ ಹಳೇ ವಿದ್ಯಾರ್ಥಿಗಳು ಅಮೆರಿಕದಲ್ಲಿ ಯಾರಾದರೂ ಇದ್ದರೆ ಅವರ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುವ ಬಗ್ಗೆಯೂ ಕೇಳಿ ನೋಡಿ. ಶನಿವಾರ ನಮ್ಮ ಸಂಜೆ ಏಳೂವರೆ ಎಂದರೆ ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಹತ್ತು. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ನೀವು ಎಂಟೂವರೆಗೆ ಕೂರಬೇಕು. ಇದನ್ನು ಮರೆತು ನನ್ನ ಗೆಳತಿಯ ಎರಡು ಪಾಠ ತಪ್ಪಿಹೋಗಿತ್ತು.

ಪ್ರಶ್ನೆ: ಮೊಬೈಲಿನಲ್ಲಿ ಕನ್ನಡ ಓದಿ ರೆಕಾರ್ಡ್ ಮಾಡಿದರೆ ದುಡ್ಡು ಕೊಡುತ್ತಾರಂತೆ, ನಿಜವೇ?
— ಕೊಳ್ಳೇಗಾಲ

ಉತ್ತರ: ನಿಜ. ಕಂಪ್ಯೂಟರಿಗೆ ಕನ್ನಡ ಕಲಿಸಲು ಜನರ ಧ್ವನಿ ಬೇಕಾಗುತ್ತದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಹೆಂಗಸರಿಂದ ಕನ್ನಡ ವಾಕ್ಯ ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೊಟ್ಟದ್ದು 2023ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಇಂಥ ಕೆಲಸ ವರ್ಷವಿಡೀ ಇರುವುದಿಲ್ಲ, ಒಂದು ಯೋಜನೆ ಮುಗಿದರೆ ನಿಲ್ಲುತ್ತದೆ. ಮನೆಯ ಖರ್ಚನ್ನು ಇದರ ಮೇಲೆ ನಿಲ್ಲಿಸಬೇಡಿ. ಸರ್ಕಾರದ ಭಾಷಿಣಿ ಯೋಜನೆಯ ‘ಭಾಷಾದಾನ’ದಲ್ಲಿಯೂ ಧ್ವನಿ ಕೊಡಬಹುದು, ಅದು ಹೆಸರೇ ಹೇಳುವಂತೆ ದಾನ, ದುಡ್ಡಿಲ್ಲ. ಯಾರಾದರೂ ಆಧಾರ್ ನಂಬರನ್ನೋ ಓಟಿಪಿಯನ್ನೋ ಜೋರಾಗಿ ಓದಿ ಎಂದರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಅಕ್ಕಾ, ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಮಾರುವ ಫೈವರ್ ಜಾಲತಾಣದಲ್ಲಿ ನನ್ನ ಮೊದಲ ಲೋಗೋ 10 ಡಾಲರಿಗೆ ಮಾರಾಟವಾಯಿತು! ಆದರೆ 8 ಡಾಲರ್ ಮಾತ್ರ ತೋರಿಸುತ್ತಿದೆ, ಅದೂ ಬ್ಯಾಂಕಿಗೆ ಬಂದಿಲ್ಲ. ಮೋಸ ಹೋದೆನೇ? ಟ್ಯಾಕ್ಸ್ ಕಟ್ಟಬೇಕೇ?
— ಬಿ.ಎಫ್.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಶಹಬ್ಬಾಸ್ ತಮ್ಮಾ! ಮೋಸ ಅಲ್ಲ. ಫೈವರ್ ಪ್ರತಿ ಮಾರಾಟದಲ್ಲಿ 20 ಶೇಕಡಾ ಹಿಡಿದುಕೊಳ್ಳುತ್ತದೆ. ಹೊಸಬರಿಗೆ ಕೆಲಸ ಮುಗಿದು 14 ದಿನ ಆದ ಮೇಲೆ ದುಡ್ಡು ತೆಗೆಯಲು ಬಿಡುತ್ತದೆ. ಡಾಲರ್ ರೂಪಾಯಿ ಆಗುವಾಗ ಇನ್ನೂ ಸ್ವಲ್ಪ ಕಡಿತ ಇರುತ್ತದೆ. ಹಾಗಾಗಿ ಪ್ರತಿ ಸಲ ತೆಗೆಯಬೇಡ, ನಾಲ್ಕೈದು ಕೆಲಸದ ದುಡ್ಡು ಸೇರಲಿ. ಹೊರದೇಶದ ಹಣ ಯಾವ ಕೆಲಸಕ್ಕೆ ಬಂತು ಎಂದು ‘ಪರ್ಪಸ್ ಕೋಡ್’ ಕೇಳುತ್ತಾರೆ, ಗಾಬರಿಯಾಗಬೇಡ, ಎಲ್ಲರಿಗೂ ಕೇಳುತ್ತಾರೆ.

ಇದೂ ಆದಾಯವೇ, ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಯ ಚಿಕ್ಕ ಗಳಿಕೆಗೆ ತೆರಿಗೆ ಬೀಳುವುದು ಕಷ್ಟ, ಆದರೆ ಬರೆದಿಡುವ ಅಭ್ಯಾಸ ಇವತ್ತಿನಿಂದಲೇ ಇರಲಿ. 100 ಪುಟದ ಒಂದು ನೋಟ್‌ಬುಕ್ ತೆಗೆದುಕೋ. ತಾರೀಕು, ಯಾರಿಗೆ ಏನು ಮಾಡಿದೆ, ಎಷ್ಟು ಡಾಲರ್, ಎಷ್ಟು ರೂಪಾಯಿ ಕೈಗೆ ಬಂತು, ಎಷ್ಟು ಗಂಟೆ ಹಿಡಿಯಿತು. ಏಪ್ರಿಲ್ 1ಕ್ಕೆ ಹೊಸ ಪುಟ. ನನ್ನ ಹಳೇ ಪುಸ್ತಕದ ಮೊದಲ ಸಾಲಿನಲ್ಲಿ ‘43 ನಿಮಿಷ, ಮಂಡ್ಯದ ಅಜ್ಜ, 600’ ಎಂದು ಇನ್ನೂ ಇದೆ. ನಿನ್ನ ಮೊದಲ ಸಾಲಿನಲ್ಲಿ 10 ಅಲ್ಲ, 8 ಎಂದು ಬರೆ. ಮುಂದಿನ ಲೋಗೋಗೆ ದರ ಹಾಕುವಾಗ ಅದನ್ನೇ ನೋಡಿ ಹಾಕು.